ನಾಲ್ಕು ಹಳೇ ಟೈಲ್ಸ್, ಒಂದು ಕಸೂತಿ

ಪ್ರಶ್ನೆ: ಹಳೇ ಮನೆ ಕೆಡವುವಾಗ ಹೂವಿನ ಚಿತ್ತಾರದ ನಾಲ್ಕು ಸಿಮೆಂಟ್ ಟೈಲ್ಸ್ ಎತ್ತಿಟ್ಟುಕೊಂಡಿದ್ದೇನೆ. ಒಂದರ ಮೂಲೆ ಒಡೆದಿದೆ. ಅದೇ ಚಿತ್ತಾರವನ್ನು ಕ್ರಾಸ್ ಸ್ಟಿಚ್‌ನಲ್ಲಿ ಹಾಕುವ ಆಸೆ. ಒಂದು ಸಲ ಟೈಲ್ಸಿನ ಅಳತೆಗೇ ಶುರು ಮಾಡಿ, ಮುಗಿಸಲಾಗದೆ ಕೈಬಿಟ್ಟೆ. ಈಗ ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಕೈಬಿಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇಂಥ ಟೈಲ್ಸ್ ಸಾಮಾನ್ಯವಾಗಿ 20 ಸೆಂ.ಮೀ. ಚೌಕ ಇರುತ್ತದೆ. ಕ್ರಾಸ್ ಸ್ಟಿಚ್‌ಗೆಂದೇ ಚೌಕ ಚೌಕವಾಗಿ ನೇಯ್ದ ಐಡಾ ಬಟ್ಟೆಯಲ್ಲಿ ಒಂದೊಂದು ಚೌಕವೂ ಒಂದು ಮನೆ, ಒಂದು ಮನೆಗೆ ಒಂದು ಕ್ರಾಸ್. ಇಂಚಿಗೆ 14 ಮನೆಯ ಬಟ್ಟೆಯಲ್ಲಿ ನಿಮ್ಮ ಟೈಲ್ಸ್ 110 ಮನೆ ಅಗಲ, 110 ಮನೆ ಎತ್ತರ. ನಾಲ್ಕಕ್ಕೆ ಸೇರಿ ಹತ್ತಿರ ಹತ್ತಿರ 48,000 ಕ್ರಾಸ್! ಈ ಸಲ ಒಂದು ಟೈಲ್ಸಿಗೆ 42 ಮನೆ ಸಾಕು. ಆಗ ಒಂದೊಂದೂ 3 ಇಂಚು, ನಾಲ್ಕೂ ಸೇರಿದರೆ 6 ಇಂಚಿನ ಚೌಕ. ಸುತ್ತ 3 ಇಂಚು ಬಿಡಲು ಹೆಚ್ಚುಕಮ್ಮಿ 12 ಇಂಚು ಬಟ್ಟೆ ಬೇಕು.

ಸೂಜಿ ಹಿಡಿಯುವ ಮೊದಲು ನಾಲ್ಕನ್ನೂ ನೆಲದ ಮೇಲೆ ಜೋಡಿಸಿ ನೋಡಿ. ಒಂದೇ ಟೈಲ್ಸ್ ನೋಡಿದರೆ ಮೂಲೆಯಲ್ಲಿ ಬರೀ ಒಂದು ಬಳುಕಿದ ಎಸಳು ಕಾಣಬಹುದು, ನಾಲ್ಕೂ ಮೂಲೆ ಒಂದು ಕಡೆ ಸೇರಿದಾಗ ಅದೇ ಎಸಳು ಇಡೀ ಹೂವಾಗುತ್ತದೆ. ನಿಮ್ಮ ಚಿತ್ತಾರ ಹಾಗಿದ್ದರೆ ಗ್ರಾಫ್ ಹಾಳೆಯಲ್ಲಿ ಒಂದನ್ನು ಮಾತ್ರ ಬರೆದುಕೊಳ್ಳಿ, ಉಳಿದ ಮೂರಕ್ಕೂ ಅದೇ ಹಾಳೆಯನ್ನು ತಿರುಗಿಸಿ ಇಟ್ಟುಕೊಂಡರೆ ಆಯಿತು. ಫೋಟೋ ತೆಗೆದು ಬರೆಯುವುದಾದರೆ ನೇರ ಮೇಲಿನಿಂದ ತೆಗೆಯಿರಿ, ಓರೆಯಾದರೆ ಚೌಕವೇ ಸೊಟ್ಟಗಾಗುತ್ತದೆ.

ಬಣ್ಣದ ವಿಷಯಕ್ಕೆ ಬರೋಣ, ನನಗೆ ತುಂಬಾ ಇಷ್ಟದ ಭಾಗ ಇದು. ಒಣಗಿದ ಹಳೇ ಟೈಲ್ಸ್ ನೋಡಿ ನೂಲು ಆರಿಸಬೇಡಿ. ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ. ಬೂದಿಯಂತೆ ಕಾಣುತ್ತಿದ್ದ ಜಾಗದಲ್ಲಿ ಹಸಿರೋ ಇಟ್ಟಿಗೆ ಕೆಂಪೋ ಎದ್ದು ಬರುತ್ತದೆ, ಅದು ಆರುವುದರೊಳಗೆ ನೂಲನ್ನು ಪಕ್ಕದಲ್ಲಿಟ್ಟು ಹೋಲಿಸಿಬಿಡಿ. ಇನ್ನೊಂದು ಮಾತು, ಸುತ್ತ ಕಪ್ಪು ಗೆರೆ ಹಾಕಲೇಬೇಡಿ. ಸಿಮೆಂಟ್ ಟೈಲ್ಸ್ ಮಾಡುವಾಗ ಲೋಹದ ಅಚ್ಚಿನ ಒಂದೊಂದು ಕೋಣೆಗೆ ಒಂದೊಂದು ಬಣ್ಣದ ಸಿಮೆಂಟ್ ಸುರಿದು, ಅಚ್ಚು ಎತ್ತಿ, ಆಮೇಲೆ ಒತ್ತುತ್ತಾರೆ. ಹಾಗಾಗಿ ಒಂದು ಬಣ್ಣ ಮುಗಿದಲ್ಲೇ ಇನ್ನೊಂದು ಶುರು. ಅಂಚೂ ಇಲ್ಲ, ನೆರಳೂ ಇಲ್ಲ. ಕ್ರಾಸ್ ಸ್ಟಿಚ್‌ಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ?

ಬಟ್ಟೆಯನ್ನು ನಾಲ್ಕಾಗಿ ಮಡಚಿ ಬಿಡಿಸಿ. ಮಡಿಕೆಯ ಗೆರೆ ಬಂದ ಕಡೆ ಅಡ್ಡಕ್ಕೊಂದು, ಉದ್ದಕ್ಕೊಂದು ಸಾಲು ಖಾಲಿ ಬಿಡಿ. ಟೈಲ್ಸ್ ನಡುವಿನ ಸಂದು ಅದೇ, ಅದಿಲ್ಲದಿದ್ದರೆ ನೋಡಿದವರಿಗೆ ರಂಗೋಲಿ ಅನಿಸುತ್ತದೆ, ಟೈಲ್ಸ್ ಅಂತ ಗೊತ್ತಾಗುವುದಿಲ್ಲ. ಹೂವಿನ ಹಿಂದಿನ ಬಣ್ಣ ತಿಳಿಯಾಗಿದ್ದರೆ ಅದೇ ಬಣ್ಣದ ಬಟ್ಟೆ ತಗೊಳ್ಳಿ, ಆ ಜಾಗ ತುಂಬಿಸುವ ಕೆಲಸವೇ ಇಲ್ಲ. ಆರೆಳೆ ನೂಲಿನಲ್ಲಿ ಎರಡೆಳೆ ಸಾಕು. ಕ್ರಾಸಿನ ಮೇಲಿನ ಎಳೆ ಎಲ್ಲಾ ಕಡೆ ಒಂದೇ ದಿಕ್ಕಿಗಿರಲಿ, ಇಲ್ಲದಿದ್ದರೆ ಹೊಳಪು ಅಲ್ಲಲ್ಲಿ ಬೇರೆಯಾಗಿ ಕಾಣುತ್ತದೆ.

ಒಡೆದ ಮೂಲೆಯನ್ನು ಗ್ರಾಫ್‌ನಲ್ಲಿ ಸರಿ ಮಾಡಬೇಡಿ. ಒಡೆದ ಆಕಾರವನ್ನೇ ಬರೆದುಕೊಂಡು ಅಷ್ಟು ಮನೆ ಖಾಲಿ ಬಿಟ್ಟುಬಿಡಿ. ನಿಮ್ಮ ಮನೆಯ ಟೈಲ್ಸ್ ಇದೇ ಅಂತ ಗುರುತು ಹಿಡಿಯುವುದು ಆ ಮೂಲೆಯಿಂದಲೇ.