ಅಜ್ಜಿಯ ಕುಂಕುಮದ ಬೆಳ್ಳಿ ಬಟ್ಟಲ ಅಡಿಯಲ್ಲಿ ಸಿಂಹದ ಮುದ್ರೆ ಇದೆ. ಇದು ಎಲ್ಲಿಯದು, ಮೊದಲು ಯಾರದಾಗಿತ್ತು? ಮಾರಬಹುದಾ?

ದಯವಿಟ್ಟು ಈಗಲೇ ಮಾರಬೇಡಿ. ಹಳೇ ಬೆಳ್ಳಿ ಅಂದರೆ ಚಿಕ್ಕಪೇಟೆ ಕಡೆ ಸಾಮಾನ್ಯವಾಗಿ ತೂಕ, ಟಂಚ (ಬೆಳ್ಳಿ ಎಷ್ಟು ಶುದ್ಧ ಅನ್ನೋದು) ನೋಡಿ ಕರಗಿಸುತ್ತಾರೆ. ಕರಗಿದರೆ ಅದರ ಕಥೆಯೂ ಹೋಯಿತು.

ಮೂರು ಕಾಲು, ಒಳಗೆ ನೀಲಿ ಗಾಜು ಅಂದಿರಿ. ಹಾಗಾದರೆ ಅದು ಕುಂಕುಮಕ್ಕೆ ಮಾಡಿದ್ದಲ್ಲ. ಇಂಗ್ಲಿಷರ ಊಟದ ಮೇಜಿನ ಉಪ್ಪಿನ ಬಟ್ಟಲು. ಉಪ್ಪು ತೇವ ಎಳೆದುಕೊಂಡು ಬೆಳ್ಳಿಯನ್ನು ತಿನ್ನುತ್ತದೆ. ಅದಕ್ಕೇ ಒಳಗೆ ಗಾಜು ಕೂರಿಸುತ್ತಿದ್ದರು, ಇಲ್ಲವೇ ಚಿನ್ನದ ಗಿಲೀಟು ಮಾಡಿಸುತ್ತಿದ್ದರು. ಜೊತೆಗೊಂದು ಪುಟ್ಟ ಚಮಚ ಇರುತ್ತಿತ್ತು. ಪೆಟ್ಟಿಗೆಯಲ್ಲಿ ಇನ್ನೊಮ್ಮೆ ಹುಡುಕಿ.

ಈಗ ಮುದ್ರೆಗಳು. ಭೂತಗನ್ನಡಿ ಹಿಡಿದು ನೋಡಿ. ನಡೆಯುವ ಸಿಂಹ ಅಂದರೆ ಇಂಗ್ಲೆಂಡಿನ ಸ್ಟರ್ಲಿಂಗ್, ಸಾವಿರಕ್ಕೆ 925 ಭಾಗ ಬೆಳ್ಳಿ. ಪಕ್ಕದಲ್ಲಿ ಚಿರತೆಯ ತಲೆ ಇದ್ದರೆ ಲಂಡನ್, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಂ. ಒಂಟಿ ಅಕ್ಷರವೊಂದಿದ್ದರೆ ಅದು ವರ್ಷದ ಗುರುತು. ಊರೂರಿಗೂ ಈ ಅಕ್ಷರಗಳ ಪಟ್ಟಿ ಬೇರೆ, ಅದಕ್ಕೇ ಮೊದಲು ಊರು ಗೊತ್ತಾಗಬೇಕು. ರಾಜನದೋ ರಾಣಿಯದೋ ತಲೆ ಇದ್ದರೆ ಸಾಮಾನ್ಯವಾಗಿ 1784ರಿಂದ 1890ರ ನಡುವಿನ ಮಾಲು, ತೆರಿಗೆ ಕಟ್ಟಿದ್ದಕ್ಕೆ ಒತ್ತಿದ ಗುರುತು ಅದು.

ನಮ್ಮ ಮನೆಯಲ್ಲೂ ಇಂಥದೊಂದು ಇದೆ. ಸಿಂಹ ಇಲ್ಲ, ಮದರಾಸಿನ ಪಿ. ಓರ್ ಅಂಡ್ ಸನ್ಸ್ ಅನ್ನೋ ಅಂಗಡಿಯ ಹೆಸರಿದೆ. ಇಂಗ್ಲೆಂಡಿನ ಹಾಗೆ ಬೆಳ್ಳಿ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಆಗ ಇಲ್ಲಿ ಇರಲಿಲ್ಲ. ಹಾಗಾಗಿ ಅದರಲ್ಲಿ ವರ್ಷದ ಅಕ್ಷರ ಇಲ್ಲ. ಸುತ್ತ ದೇವರ ಉಬ್ಬು ಚಿತ್ರಗಳಿವೆ, ‘ಸ್ವಾಮಿ’ ಕೆಲಸ ಅಂತಾರೆ. ನಮ್ಮ ಮುತ್ತಾತ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಇಂಗ್ಲಿಷ್ ಅಧಿಕಾರಿಯ ಹತ್ತಿರ ಗುಮಾಸ್ತರಾಗಿದ್ದರು. ಆ ಕುಟುಂಬ ಊರಿಗೆ ಹೊರಟಾಗ ಮನೆ ಸಾಮಾನು ಹರಾಜು ಹಾಕಿದರು, ಇವರು ಇದನ್ನು ತಂದರು. ಬೇರೆಯವರ ಎಂಜಲು ಅಂತ ಮುತ್ತಜ್ಜಿ ಅಡುಗೆಮನೆಗೆ ಬಿಡಲಿಲ್ಲ. ಆಮೇಲೆ ಸುತ್ತ ಕೃಷ್ಣ, ಲಕ್ಷ್ಮಿ ಇರೋದು ಕಂಡು, ತೊಳೆದು ದೇವರ ಮನೆಯಲ್ಲಿಟ್ಟು ಕುಂಕುಮ ತುಂಬಿದರಂತೆ. ನನಗೆ ಆ ಬಟ್ಟಲ ಮೇಲೆ ಪ್ರೀತಿ ಬಂದದ್ದೇ ಈ ಕಥೆಯಿಂದ.

ನಿಮ್ಮ ಬಟ್ಟಲ ಹೊರಮೈ ಮೇಲೆ ಹೆಣೆದುಕೊಂಡ ಅಕ್ಷರಗಳೋ ಪ್ರಾಣಿಯ ಚಿತ್ರವೋ ಇದೆಯಾ? ಇದ್ದರೆ ಅದು ಮೊದಲಿನ ಯಜಮಾನರ ಗುರುತು. ವಿಭೂತಿ ಹಾಕಿ ಉಜ್ಜಬೇಡಿ. ನಮ್ಮದರಲ್ಲಿ ಆ ಅಕ್ಷರಗಳು ಉಜ್ಜಿ ಉಜ್ಜಿಯೇ ಸವೆದು ಹೋದವು. ಮೆತ್ತನೆ ಬಟ್ಟೆ ಸಾಕು.

ತಂಗಿ ಅಮೆರಿಕಕ್ಕೆ ಒಯ್ಯುತ್ತಾಳೆ ಅಂದಿರಲ್ಲ, ಅದಕ್ಕೆ ತೊಡಕಿದೆ. ನೂರು ವರ್ಷ ದಾಟಿದ ಕಲಾ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಗೆ ಬರುತ್ತವೆ, ಖಾಸಗಿಯವರು ಹೊರದೇಶಕ್ಕೆ ಒಯ್ಯುವ ಹಾಗಿಲ್ಲ. ಮೊದಲು ವರ್ಷ ಖಚಿತ ಮಾಡಿಕೊಳ್ಳಿ.

ಅಜ್ಜಿಯ ತಂಗಿ ಬಸವನಗುಡಿಯಲ್ಲೇ ಇದ್ದಾರೆ ಅಂತ ಬರೆದಿದ್ದೀರಿ. ಈ ಭಾನುವಾರವೇ ಬಟ್ಟಲು ತೆಗೆದುಕೊಂಡು ಹೋಗಿ. ಯಾರು ತಂದರು, ಯಾವ ಮನೆಯಲ್ಲಿದ್ದಾಗ ಅಂತ ಕೇಳಿ, ಅವರು ಹೇಳಿದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುದ್ರೆಯ ಫೋಟೋ ಇಲ್ಲಿ ಹಾಕಿದರೆ ವರ್ಷದ ಅಕ್ಷರ ನಾನೂ ನೋಡಿ ಹೇಳುತ್ತೇನೆ.