ಹೊಸದಾಗಿ ಹಾಕಿದ ರಸ್ತೆಯನ್ನು ಮತ್ತೆ ಮತ್ತೆ ಯಾಕೆ ಅಗೆಯುತ್ತಾರೆ? ನಾವು ಏನಾದರೂ ಮಾಡಬಹುದಾ?

ನಿಮ್ಮ ಬೀದಿಗೆ ಕಾಂಕ್ರೀಟ್ ಹಾಕಿ ಎಂಟು ತಿಂಗಳಾಗಿಲ್ಲ, ಆಗಲೇ ಎರಡು ಸಲ ಕತ್ತರಿಸಿದ್ದಾರೆ ಅಂತ ಬರೆದಿದ್ದೀರಿ. ಇದನ್ನು ಬೇಕಂತಲೇ ಮಾಡುತ್ತಾರಾ, ನಾವು ಸುಮ್ನೆ ನೋಡಿಕೊಂಡು ಇರಬೇಕಾ ಅಂತ ಕೇಳಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಪೈಪು, ನಲ್ಲಿ, ವಾಲ್ವ್ ಮಾರುವ ಅಂಗಡಿ ಇಟ್ಟು 22 ವರ್ಷವಾಯಿತು. ಪ್ಲಂಬರ್‌ಗಳು, ಮೇಸ್ತ್ರಿಗಳು, ಸಣ್ಣಪುಟ್ಟ ಗುತ್ತಿಗೆದಾರರು ದಿನಾ ಬಂದು ಹೋಗುವ ಜಾಗ. ಅಲ್ಲಿ ಕೂತು ಕಂಡಿದ್ದು, ನಮ್ಮ ಬೀದಿಯಲ್ಲಿ ನಾವೇ ಮಾಡಿ ಕಲಿತಿದ್ದು, ಎರಡನ್ನೂ ಹೇಳುತ್ತೇನೆ.

ಬೇಕಂತಲೇ ಮಾಡುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಕೆಲವು ಕಡೆ ದುಡ್ಡಿನಾಸೆ ಇರಬಹುದು. ಆದರೆ ನಾನು ನೋಡಿದ ಹೆಚ್ಚಿನ ಅಗೆತಕ್ಕೆ ಕಾರಣ ಇಷ್ಟೇ: ರಸ್ತೆಯ ಮೇಲ್ಭಾಗಕ್ಕೆ ಒಬ್ಬ ಯಜಮಾನ, ಅದರ ಕೆಳಗಿರುವ ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ನಮ್ಮ ಊರನ್ನೇ ತೆಗೆದುಕೊಳ್ಳಿ. ಒಳಗಿನ ಬೀದಿಗಳು ನಗರಸಭೆಗೆ ಸೇರಿದ್ದು. ಕಡೂರಿನಿಂದ ಮೂಡಿಗೆರೆ ಕಡೆ ಹೋಗುವ ದಾರಿ ರಾಷ್ಟ್ರೀಯ ಹೆದ್ದಾರಿ 173. ಕರೆಂಟು ಮೆಸ್ಕಾಂನದು. ಕುಡಿಯುವ ನೀರಿನ ದೊಡ್ಡ ಯೋಜನೆ, ಒಳಚರಂಡಿ (ನಾವೆಲ್ಲ ಯುಜಿಡಿ ಅಂತೀವಿ) ಇಂಥದ್ದನ್ನು ಬೆಂಗಳೂರು ಬಿಟ್ಟು ಉಳಿದ ಊರುಗಳಲ್ಲಿ ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ, ಆಮೇಲೆ ಊರಿನ ಸ್ಥಳೀಯ ಸಂಸ್ಥೆಗೆ ಒಪ್ಪಿಸುತ್ತದೆ. ಇದಲ್ಲದೆ ಫೈಬರ್ ಕೇಬಲ್ ಎಳೆಯುವ ಖಾಸಗಿಯವರು ಬೇರೆ. ಒಂದು ಇಪ್ಪತ್ತು ಅಡಿ ಬೀದಿಗೆ ಇಷ್ಟು ಜನ.

ದುಡ್ಡೂ ಹಾಗೇ ಬೇರೆ ಬೇರೆ ದಾರಿಯಲ್ಲಿ, ಬೇರೆ ಬೇರೆ ವರ್ಷದಲ್ಲಿ ಬರುತ್ತದೆ. 2015ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಅಮೃತ್ ಯೋಜನೆ ಶುರು ಮಾಡಿತು. ಒಂದು ಲಕ್ಷಕ್ಕಿಂತ ಜಾಸ್ತಿ ಜನರಿರುವ ಊರುಗಳಿಗೆ ನೀರು, ಒಳಚರಂಡಿ ಮಾಡಿಸುವ ಯೋಜನೆ ಅದು. 2011ರ ಜನಗಣತಿಯಲ್ಲಿ ನಮ್ಮ ಊರಿನ ಜನಸಂಖ್ಯೆ ಸುಮಾರು 1.18 ಲಕ್ಷ, ಹಾಗಾಗಿ ನಾವೂ ಸೇರಿದೆವು, ಪಕ್ಕದ ಹಾಸನವೂ ಸೇರಿತು. 15ನೇ ಹಣಕಾಸು ಆಯೋಗದ ಅನುದಾನ ಇನ್ನೊಂದು. 2021ರಿಂದ 2026ರ ಅವಧಿಗೆ ನಮ್ಮಂಥ ಊರುಗಳಿಗೆ ಅಂತ ಇಟ್ಟ ಆ ಹಣದಲ್ಲಿ ನೂರಕ್ಕೆ 60 ಪಾಲು ನೀರು ಮತ್ತು ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟದ್ದು, ಅದರಲ್ಲಿ ರಸ್ತೆ ಮಾಡುವ ಹಾಗಿರಲಿಲ್ಲ. ರಸ್ತೆಯ ದುಡ್ಡು ಬೇರೆ ಲೆಕ್ಕದಲ್ಲಿ ಬರಬೇಕು. ಅದು ಮೊದಲು ಬಂತು ಅನ್ನಿ. ಮಾರ್ಚ್ 31ರ ಒಳಗೆ ಖರ್ಚು ತೋರಿಸಬೇಕು ಅಂತ ರಸ್ತೆ ಹಾಕಿಬಿಡುತ್ತಾರೆ. ಪೈಪಿನ ದುಡ್ಡು ಮುಂದಿನ ವರ್ಷ ಬರುತ್ತದೆ. ಆಗ ಅಗೆಯದೆ ಬೇರೆ ದಾರಿ ಇಲ್ಲ.

ಇದನ್ನೆಲ್ಲ ಒಂದು ಕಡೆ ಕೂತು ಹೊಂದಿಸುವವರು ಯಾರು? ಜನ ಆರಿಸಿದ ಸ್ಥಳೀಯ ಆಡಳಿತ ಹೊಂದಿಸಬೇಕು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಆಶಯವೇ ಅದು. ರಸ್ತೆ, ನೀರು, ನೈರ್ಮಲ್ಯ ಸೇರಿ 18 ವಿಷಯಗಳನ್ನು ಸಂವಿಧಾನದ 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿದರು. ಆದರೆ ವಾರ್ಡ್ ಸಮಿತಿ ಕಡ್ಡಾಯ ಅಂತ ಸಂವಿಧಾನ ಹೇಳಿದ್ದು ಮೂರು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಜನರಿರುವ ಊರುಗಳಿಗೆ ಮಾತ್ರ. ಒಂದೂವರೆ ಲಕ್ಷದ ಊರಿನವರು ತಮ್ಮ ಬೀದಿ ಬಗ್ಗೆ ಕೂತು ಮಾತಾಡುವುದು ಬೇಡವಾ? ಈ ಗೆರೆ ನನಗೆ ಯಾವತ್ತೂ ಸರಿ ಅನಿಸಿಲ್ಲ. ಸಣ್ಣ ಊರಲ್ಲೇ ಅಲ್ವಾ ಜನಕ್ಕೆ ಒಬ್ಬರಿಗೊಬ್ಬರು ಗೊತ್ತಿರುವುದು, ಸಮಿತಿ ನಡೆಯುವುದು ಸುಲಭ ಆಗಿರುವುದು?

ಸ್ಥಳೀಯ ಸಂಸ್ಥೆಗಳ ಚುನಾವಣೆಯ ಕಥೆಯೂ ಇದೇ. 2018ರಲ್ಲಿ ರಾಜ್ಯದ ನೂರಕ್ಕೂ ಜಾಸ್ತಿ ಊರುಗಳಲ್ಲಿ ಮತದಾನ ಆಯಿತು. ಅಧ್ಯಕ್ಷ ಸ್ಥಾನದ ಮೀಸಲಾತಿ ಕೋರ್ಟಿಗೆ ಹೋಯಿತು. ಗೆದ್ದವರು ಎರಡು ವರ್ಷ, 2020ರ ತನಕ, ಅಧಿಕಾರವಿಲ್ಲದೆ ಕೂತರು. ಹಾಸನದಲ್ಲೂ ಹಾಗೇ ಆಯಿತು. ಆ ಎರಡು ವರ್ಷ ಯಾರ ಬೀದಿ ಅಗೆದರೆ ಯಾರನ್ನು ಕೇಳಬೇಕಿತ್ತು?

ಸರಿ, ನಾವು ಮಾಡಿದ್ದಕ್ಕೆ ಬರುತ್ತೇನೆ.

ಐದು ವರ್ಷದ ಹಿಂದೆ ನಮ್ಮ ಬೀದಿಗೆ ಕಾಂಕ್ರೀಟ್ ಬರುತ್ತದೆ ಅಂತ ಸುದ್ದಿ ಬಂತು. 38 ಮನೆ, ಆರು ಖಾಲಿ ಸೈಟು. ಎಲ್ಲರಿಗೂ ಖುಷಿ. ನನಗೆ ಮಾತ್ರ ಆ ಆರು ಸೈಟು ಕಣ್ಣಿಗೆ ಬಿತ್ತು. ಇವತ್ತಲ್ಲ ನಾಳೆ ಅಲ್ಲಿ ಮನೆ ಆಗುತ್ತದೆ. ನೀರಿನ ಲೈನ್ ಒಂದು ಬದಿಯಲ್ಲಿದೆ, ಸೈಟು ಇನ್ನೊಂದು ಬದಿಯಲ್ಲಿ. ಒಂದೊಂದು ಮನೆಗೂ ಒಂದು ಕಟ್ಟಿಂಗ್ ಗ್ಯಾರಂಟಿ.

ಲೈನ್ ಎಲ್ಲಿದೆ ಅಂತ ಖಚಿತವಾಗಿ ಗೊತ್ತಿದ್ದಿದ್ದು ಒಬ್ಬರಿಗೇ, ನಮ್ಮ ಕಡೆ ನೀರು ಬಿಡುವವರಿಗೆ. ಕಾಗದದಲ್ಲಿ ವಾಲ್ವ್‌ಮನ್, ನಮ್ಮ ಬಾಯಲ್ಲಿ ನೀರುಗಂಟಿ ಅಣ್ಣ. ಚಿಕ್ಕಮಗಳೂರಿನ ನೀರಿನ ವಿಚಾರ ಗೊತ್ತಲ್ಲ, ಯಗಚಿ ಹುಟ್ಟುವುದು ನಮ್ಮ ಗಿರಿಯಲ್ಲೇ. ಆದರೆ ಅದು ಇಳಿದು ಬೇಲೂರಿಗೆ ಹೋಗಿ, ಅಲ್ಲಿ ಅಣೆಕಟ್ಟಿನಲ್ಲಿ ನಿಂತು, ಅಲ್ಲಿಂದ ಪಂಪ್ ಮಾಡಿ ಮತ್ತೆ ನಮ್ಮ ಊರಿನ ಎತ್ತರಕ್ಕೆ ಹತ್ತಿಸಬೇಕು. ಹಿರೇಕೊಳಲೆ ಕೆರೆಯ ನೀರೂ ಇದೆ. ಅಷ್ಟು ದೂರದಿಂದ ಹತ್ತಿ ಬಂದ ನೀರನ್ನು ಯಾವ ಬೀದಿಗೆ ಯಾವಾಗ ತಿರುಗಿಸಬೇಕು ಅನ್ನುವುದು ಈ ಅಣ್ಣನ ಕೈಯಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಅವರನ್ನು ಕರೆದೆ. ಉದ್ದನೆಯ ಕಬ್ಬಿಣದ ಕೀ ಹಿಡಿದುಕೊಂಡು ಬಂದರು. ಚೇಂಬರ್ ಮುಚ್ಚಳ ತೆಗೆದು ಕೀಯ ಒಂದು ತುದಿಯನ್ನು ವಾಲ್ವ್ ಮೇಲಿಟ್ಟರು. ಇನ್ನೊಂದು ತುದಿಗೆ ಕಿವಿ ಕೊಟ್ಟರು. ಕಣ್ಣು ಮುಚ್ಚಿ ಒಂದು ನಿಮಿಷ ಹಾಗೇ ನಿಂತರು. "ಮೂರನೇ ಮನೆ ಮುಂದೆ ಎಲ್ಲೋ ಸೋರ್ತಾ ಇದೆ ಸಾರ್" ಅಂದರು. ನಾನೂ ಕಿವಿ ಇಟ್ಟೆ. ಸಣ್ಣಗೆ 'ಸುಯ್' ಅನ್ನುವ ಸದ್ದು. ಅಗೆದು ನೋಡಿದರೆ ಎರಡನೇ ಮನೆಯ ಗೇಟಿನ ಹತ್ತಿರ ಹಳೆಯ ಜಿಐ ಪೈಪು ತುಕ್ಕು ಹಿಡಿದು ಸೋರುತ್ತಿತ್ತು. ಅದರ ಮೇಲೆ ಕಾಂಕ್ರೀಟ್ ಬಿದ್ದಿದ್ದರೆ ಏನಾಗುತ್ತಿತ್ತು ಯೋಚಿಸಿ.

ಅವರು ತೋರಿಸುತ್ತಾ ಹೋದರು, ಬೀದಿಯ ಹುಡುಗರು ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಾ ಹೋದರು. ನಾನು ಟೇಪು ಹಿಡಿದು ಲೈಟ್ ಕಂಬದಿಂದ ಅಳೆಯುತ್ತಿದ್ದೆ. "ಕಂಬದಿಂದ ಅಳೀಬೇಡಿ ಸಾರ್, ಕಂಬ ನಾಳೆ ಕಿತ್ತು ಹಾಕ್ತಾರೆ. ಮನೆ ಗೋಡೆ ಮೂಲೆಯಿಂದ ಅಳೀರಿ" ಅಂದರು. ಅಷ್ಟು ವರ್ಷ ಪೈಪು ಮಾರಿದ ನನಗೆ ಇದು ಹೊಳೆದಿರಲಿಲ್ಲ. ಒಂದು ಡ್ರಾಯಿಂಗ್ ಶೀಟಿನಲ್ಲಿ ಎಲ್ಲಾ ಗುರುತು ಮಾಡಿದೆವು. ಆ ಶೀಟು ಈಗಲೂ ನಮ್ಮ ಅಂಗಡಿಯ ಗೋಡೆಯಲ್ಲಿದೆ. ಈ ಅಣ್ಣ ನಿವೃತ್ತರಾದ ದಿನ ಅವರ ತಲೆಯಲ್ಲಿದ್ದ ನಕ್ಷೆಯೂ ಅವರ ಜೊತೆ ಮನೆಗೆ ಹೋಗುತ್ತದೆ ಅನ್ನುವುದು ನನಗೆ ಅವತ್ತು ಅರ್ಥವಾಯಿತು. ಇಂಥವರನ್ನು ಕೂರಿಸಿಕೊಂಡು ಬರೆದಿಟ್ಟುಕೊಳ್ಳುವ ಕೆಲಸ ಪ್ರತಿ ಊರಲ್ಲೂ ಆಗಬೇಕು.

ಆಮೇಲೆ ಖಾಲಿ ಪೈಪು. ಕಾಂಕ್ರೀಟ್ ಹಾಕುವ ಮೊದಲೇ ಪ್ರತಿ ಸೈಟಿನ ಎದುರು ರಸ್ತೆಗೆ ಅಡ್ಡಲಾಗಿ ಒಂದು ನಾಲ್ಕಿಂಚಿನ ಪಿವಿಸಿ ಪೈಪು ಹೂತು, ಎರಡೂ ತುದಿಗೆ ಮುಚ್ಚಳ ಹಾಕಿಬಿಟ್ಟರೆ ಮುಗಿಯಿತು. ಮುಂದೆ ಮನೆ ಕಟ್ಟಿದವರು ನೀರಿನ ಪೈಪನ್ನೋ ಕೇಬಲನ್ನೋ ಅದರೊಳಗೆ ತೂರಿಸಿಕೊಳ್ಳಬಹುದು. ಒಂದು ಲೆಂತ್ ಪೈಪು 20 ಅಡಿ, ನಮ್ಮ ಬೀದಿಯ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಸೈಟಿಗೆ ಒಂದೇ ಪೈಪು ಸಾಕು. ರಸ್ತೆ ಹಾಕುವವರನ್ನು ಕೇಳಿದಾಗ "ಎಸ್ಟಿಮೇಟ್‌ನಲ್ಲಿ ಇಲ್ಲ" ಅಂದರು. ಅವರು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ಇರಲಿಲ್ಲ. ನಾವೇ ಮನೆಗೆ ಇಷ್ಟು ಅಂತ ಹಾಕಿಕೊಂಡು ಪೈಪು ತಂದೆವು, ಕೆಲಸದವರು ಹೂತು ಕೊಟ್ಟರು. ಎಲ್ಲಿದೆ ಅಂತ ಚರಂಡಿಯ ಅಂಚಿಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದೆವು.

ಅದಾದ ಮೇಲೆ ಮೂರು ಮನೆ ಆಗಿವೆ. ನೀರಿಗಾಗಿ ಒಂದು ಸಲವೂ ಕಾಂಕ್ರೀಟ್ ಕತ್ತರಿಸಿಲ್ಲ. ಆದರೆ ಯುಜಿಡಿ ವಿಚಾರದಲ್ಲಿ ಸೋತೆವು. ಅದಕ್ಕೆ ಇಳಿಜಾರು ಬೇಕು, ಖಾಲಿ ಪೈಪಿನಲ್ಲಿ ಆಗುವುದಿಲ್ಲ. ಚೇಂಬರ್‌ನಿಂದ ಸೈಟಿನ ಅಂಚಿನ ತನಕ ಲೈನ್ ಮೊದಲೇ ಎಳೆದು ಮುಚ್ಚಿಡಬೇಕು. ನಮ್ಮ ದುಡ್ಡು ಎರಡು ಸೈಟಿಗೆ ಮಾತ್ರ ಸಾಕಾಯಿತು. ಮೂರನೇ ಮನೆಗೆ ಕತ್ತರಿಸಲೇಬೇಕಾಯಿತು. ಇನ್ನೊಂದು ಸಲ ಯಾರೋ ಕೇಬಲ್‌ನವರು ರಾತ್ರಿ ಹೊತ್ತು ಬೀದಿಯ ಮೂಲೆಯಲ್ಲಿ ಅಗೆದು ನೀರಿನ ಪೈಪು ಒಡೆದರು. ಐದು ದಿನ ನೀರಿಲ್ಲ. ಮೂಲೆಮನೆಯ ಅಜ್ಜಿ ಕೊಡ ಹಿಡಿದು ನಮ್ಮ ಮನೆಗೆ ಬರುತ್ತಿದ್ದರು, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಗೆಯುವ ಮೊದಲು ಕೆಳಗಿರುವ ಪೈಪು, ಕೇಬಲ್‌ನವರಿಗೆ ತಿಳಿಸಲಿ ಅಂತಲೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಅನ್ನುವ ಆ್ಯಪ್ ತಂದಿದೆ. ಯಾರಾದರೂ ನಿಮ್ಮ ಬೀದಿಯಲ್ಲಿ ಹಾರೆ ಇಳಿಸಿದರೆ ಮೊದಲು ಅನುಮತಿ ಪತ್ರ ಕೇಳಿ, ಆಮೇಲೆ ಈ ಆ್ಯಪ್‌ನಲ್ಲಿ ತಿಳಿಸಿದ್ದೀರಾ ಅಂತ ಕೇಳಿ. ಜಗಳ ಬೇಡ. ನಾಲ್ಕು ಜನ ಸೇರಿ ಮರ್ಯಾದೆಯಿಂದ ಕೇಳಿದರೆ ಹೆಚ್ಚಿನವರು ನಿಲ್ಲಿಸುತ್ತಾರೆ.

ಈಗ ನಿಮ್ಮ ಬೀದಿ. ಕಾಂಕ್ರೀಟ್ ಆಗಿಹೋಗಿದೆ, ಕತ್ತರಿಸಿಯೂ ಆಗಿದೆ. ನೀವು ಹಿಡಿಯಬೇಕಾದ್ದು ಎರಡು ಕಾಗದ. ಒಂದು, ಗುತ್ತಿಗೆದಾರನ ದೋಷ ಹೊಣೆಗಾರಿಕೆ ಅವಧಿ, ಎಲ್ಲರೂ ಡಿಎಲ್‌ಪಿ ಅನ್ನುವುದು. ಆ ಅವಧಿಯಲ್ಲಿ ರಸ್ತೆ ಹಾಳಾದರೆ ಅವರೇ ಸ್ವಂತ ಖರ್ಚಿನಲ್ಲಿ ಸರಿ ಮಾಡಬೇಕು. ಎಷ್ಟು ವರ್ಷ ಅನ್ನುವುದು ಟೆಂಡರ್ ಕಾಗದದಲ್ಲಿರುತ್ತದೆ. ಆದರೆ ಬೇರೆಯವರು ಅಗೆದರೆ ಗುತ್ತಿಗೆದಾರ "ನಾನು ಹಾಕಿದ್ದು ಸರಿಯಾಗೇ ಇತ್ತು, ಅಗೆದವರನ್ನು ಕೇಳಿ" ಅಂತ ಕೈ ತೊಳೆದುಕೊಳ್ಳುತ್ತಾನೆ. ಅದಕ್ಕೇ ಎರಡನೇ ಕಾಗದ ಬೇಕು: ರಸ್ತೆ ಅಗೆಯಲು ಯಾರಿಗೆ ಅನುಮತಿ ಕೊಟ್ಟರು, ಮತ್ತೆ ಸರಿ ಮಾಡಲು ಎಷ್ಟು ದುಡ್ಡು ಕಟ್ಟಿಸಿಕೊಂಡರು ಅನ್ನುವುದು.

ಇದಕ್ಕೆ ಮಾಹಿತಿ ಹಕ್ಕು ಸಾಕು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಕಥೆ ಬರೆಯಬೇಡಿ, ವಾಪಸ್ ಬರುತ್ತದೆ. ಹೀಗೆ ಬರೆಯಿರಿ: "ಇಂಥ ವಾರ್ಡಿನ ಇಂಥ ಬೀದಿಯಲ್ಲಿ ಇಂಥ ತಾರೀಖಿನ ನಂತರ ರಸ್ತೆ ಅಗೆಯಲು ನೀಡಿದ ಅನುಮತಿ ಪತ್ರಗಳು, ಕಟ್ಟಿಸಿಕೊಂಡ ಮೊತ್ತದ ರಸೀದಿ, ಮರುದುರಸ್ತಿಯ ಅಳತೆ ಪುಸ್ತಕದ ಪುಟಗಳ ದೃಢೀಕೃತ ಪ್ರತಿ ಕೊಡಿ." ಡಿಎಲ್‌ಪಿಗೆ ಇನ್ನೊಂದು ಅರ್ಜಿ. ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಒಂದು ವಿಷಯ ಇದೆ. ಈ ಕಾಯ್ದೆಯ 2(ಜೆ) ಕಲಂ ಪ್ರಕಾರ ಬರೀ ಕಾಗದ ಮಾತ್ರ ಅಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ನಮಗಿದೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಬ್ಬರು ಇದನ್ನು ಅರ್ಜಿಯಲ್ಲಿ ಬರೆದ ವಾರಕ್ಕೇ ಗುಂಡಿ ಮುಚ್ಚಲು ಜನ ಬಂದಿದ್ದರು.

ಮುಚ್ಚುವಾಗ ಪಕ್ಕದಲ್ಲೇ ನಿಂತು ನೋಡಿ. ಮಣ್ಣನ್ನು ಒಂದೇ ಸಲ ಸುರಿದು ಮೇಲೆ ಸಿಮೆಂಟ್ ಬಳಿದರೆ ಮೊದಲ ಮಳೆಗೇ ಕುಸಿಯುತ್ತದೆ. ಅರ್ಧ ಅಡಿಗೊಂದು ಪದರ ಹಾಕಿ, ನೀರು ಹಾಯಿಸಿ, ದಮ್ಮಸು ಮಾಡಿ ಮೇಲೆ ಬರಬೇಕು. ಹಾಗೇ ನಿಮ್ಮ ಬೀದಿಯಲ್ಲಿ ಇನ್ನೂ ಖಾಲಿ ಸೈಟು ಇದ್ದರೆ, ಗುಂಡಿ ತೆರೆದಿರುವಾಗಲೇ ಒಂದು ಖಾಲಿ ಪೈಪು ಹೂಳಿಸಿಬಿಡಿ. ಇನ್ನು ಬಜೆಟ್‌ಗೆ ಮುಂಚೆ ಸ್ಥಳೀಯ ಸಂಸ್ಥೆಯವರು ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತಾರೆ. ಅಲ್ಲಿಗೆ ಹೋಗಿ, ಮುಂದಿನ ರಸ್ತೆಗಳ ಎಸ್ಟಿಮೇಟ್‌ನಲ್ಲೇ ಅಡ್ಡ ಪೈಪು ಸೇರಿಸಿ ಅಂತ ಬರೆದು ಕೊಟ್ಟು, ಸ್ವೀಕೃತಿ ಹಾಕಿಸಿಕೊಳ್ಳಿ. ನಾನು ಹೋದ ಸಲ ಹೋದಾಗ ಕುರ್ಚಿಗಳು ಅರ್ಧಕ್ಕರ್ಧ ಖಾಲಿ ಇದ್ದವು, ಹಾಗಾಗಿ ಮಾತಾಡಲು ಬೇಕಾದಷ್ಟು ಸಮಯ ಸಿಕ್ಕಿತು.