ಬೆನ್ನುನೋವಿನವರ ರಕ್ತದಲ್ಲಿ ಎಂಡಾರ್ಫಿನ್ ಅಳೆಯಲು ಯಾವ ಕಿಟ್ ತರಿಸಲಿ?

ಬ್ಯಾಡಗಿ ಮಾರುಕಟ್ಟೆಯ ಹಮಾಲರ ಬೆನ್ನುನೋವು, ಅವರ ರಕ್ತದಲ್ಲಿನ ಎಂಡಾರ್ಫಿನ್. ಇದು ನಿಮ್ಮ ಪಿಎಚ್‌ಡಿ ವಿಷಯ ಅಂತ ಓದಿ ಎದೆ ಝಲ್ ಅಂತು. ಹಮಾಲರ ಜಾಗದಲ್ಲಿ ನೇಕಾರರು, ಬ್ಯಾಡಗಿ ಜಾಗದಲ್ಲಿ ಬೆಟಗೇರಿ ಅಂತ ಬರೆದರೆ ಅದು ನನ್ನದೇ ಹಳೇ ಸಿನಾಪ್ಸಿಸ್.

ನಾನಾಗ ಹುಬ್ಬಳ್ಳಿಯಲ್ಲಿದ್ದೆ. ಗದಗ-ಬೆಟಗೇರಿಯ ಕುಣಿ ಮಗ್ಗದವರು ಕಾಲು ಗುಂಡಿಗೆ ಇಳಿಬಿಟ್ಟು ದಿನವಿಡೀ ಬಗ್ಗಿ ಕೂರುತ್ತಾರೆ. ನಾನು ಹೋದ ಮನೆಗಳಲ್ಲೆಲ್ಲ ಸೊಂಟನೋವಿನವರು ಒಬ್ಬರಾದರೂ ಇದ್ದರು. ಎಂಡಾರ್ಫಿನ್ ಅಂದ್ರೆ ಮೈಯೇ ತಯಾರಿಸಿಕೊಳ್ಳುವ ಮಾರ್ಫಿನ್, ನೋವು ಹಳತಾದವರಲ್ಲಿ ಅದು ಬತ್ತಿರಬೇಕು ಅಂತ ನನ್ನ ಲೆಕ್ಕ. ಲೆಕ್ಕದ ಪ್ರಕಾರವೇ ಬಂತು! ನೇಕಾರರಲ್ಲಿ ಕಡಿಮೆ, ನೋವಿಲ್ಲದವರಲ್ಲಿ ಜಾಸ್ತಿ. ಗೈಡ್‌ಗೆ ಪೇಢೆ ಕೊಟ್ಟೆ.

ಆಮೇಲೆ ಹೊರಗಿನಿಂದ ಬಂದ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು. "ಯಾವ ಟ್ಯೂಬು ಎಲ್ಲಿಂದ ಬಂತ್ರಿ?"

ನೋವಿಲ್ಲದವರು ಅಂದರೆ ನಮ್ಮ ಕಾಲೇಜಿನ ಗುಮಾಸ್ತರು, ಹಾಸ್ಟೆಲ್ ಹುಡುಗರು. ಅವರ ರಕ್ತ ತೆಗೆದದ್ದು ಲ್ಯಾಬಿನ ಪಕ್ಕದ ಕೋಣೆಯಲ್ಲಿ. ನೇಕಾರರ ರಕ್ತ ಬಸ್ಸಿನಲ್ಲಿ ಬಂದಿತ್ತು. ಏಪ್ರಿಲ್ ಬಿಸಿಲು, ಥರ್ಮಾಕೋಲ್ ಡಬ್ಬಿ, ಸೋಡಾ ಅಂಗಡಿಯ ಐಸು. ಅಣ್ಣಿಗೇರಿ ದಾಟುವಾಗಲೇ ಡಬ್ಬಿಯೊಳಗೆ ನೀರು ಗುಳುಗುಳು ಅಂತಿತ್ತು. ಅದೂ ಕೆಂಪು ಮುಚ್ಚಳದ ಸಾದಾ ಟ್ಯೂಬು, ಕೊಲೆಸ್ಟ್ರಾಲ್ ಟೆಸ್ಟಿಗೆ ತೆಗೆಯುವ ಹಾಗೆ.

ಇದನ್ನ ಬಿಡಿಸಿ ಹೇಳ್ತೀನಿ, ಬೇಜಾರಾದ್ರೂ ಓದಿ. ಎಂಡಾರ್ಫಿನ್ ಒಂದು ನ್ಯೂರೋಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಪುಟ್ಟ ಸರ. ಅದೇ ಬಳಗದ ಎನ್‌ಕೆಫಾಲಿನ್‌ನಲ್ಲಿ 5 ಮಣಿ, ನಾವು ಅಳೆಯುವ ಬೀಟಾ-ಎಂಡಾರ್ಫಿನ್‌ನಲ್ಲಿ 31. ಈ ಸರ ಕತ್ತರಿಸುವ ಕಿಣ್ವಗಳು ರಕ್ತದಲ್ಲೇ ಇವೆ. ಸೂಜಿಯಿಂದ ಟ್ಯೂಬಿಗೆ ಬಂದ ಮೇಲೂ ಅವು ಕೆಲಸ ನಿಲ್ಲಿಸಲ್ಲ. ಎನ್‌ಕೆಫಾಲಿನ್ ಕೆಲವೇ ನಿಮಿಷದಲ್ಲಿ ಚೂರು. ಬೀಟಾ-ಎಂಡಾರ್ಫಿನ್ ಸ್ವಲ್ಪ ಗಟ್ಟಿ, ಆದರೆ ಸೆಕೆಯಲ್ಲಿ ಅದೂ ಸವೆಯುತ್ತದೆ. ಸಾದಾ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟಲಿ ಅಂತ ಅರ್ಧ ಗಂಟೆ ಕಾಯ್ತೀವಲ್ಲ, ಅಷ್ಟು ಹೊತ್ತೂ ಕತ್ತರಿ ಆಡ್ತಾನೇ ಇರುತ್ತದೆ. ಹಾಗಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬು ಬೇಕು, ಆ ಕತ್ತರಿ ಕಿಣ್ವಗಳನ್ನ ತಡೆದು ನಿಲ್ಲಿಸುವ ಅಪ್ರೋಟಿನಿನ್ ಬೇಕು, ಕೂಡಲೇ ಐಸು, 4 ಡಿಗ್ರಿಯಲ್ಲಿ ತಿರುಗುವ ಸೆಂಟ್ರಿಫ್ಯೂಜ್, ಆಮೇಲೆ ಮೈನಸ್ 80 ಡಿಗ್ರಿಯ ಫ್ರೀಜರ್. ನನ್ನ ಹತ್ತಿರ ಮೈನಸ್ 80 ಮಾತ್ರ ಇತ್ತು. ಸವೆದು ಹೋದದ್ದನ್ನ ಜೋಪಾನವಾಗಿ ಅದರಲ್ಲಿಟ್ಟೆ.

1975ರಲ್ಲಿ ಎನ್‌ಕೆಫಾಲಿನ್ ಕಂಡುಹಿಡಿದ ಹ್ಯೂಸ್ ಮತ್ತು ಕೋಸ್ಟರ್‌ಲಿಟ್ಸ್ ಸ್ಕಾಟ್‌ಲೆಂಡಿನ ಅಬರ್ಡೀನ್‌ನವರು. ಅಂಥ ಚಳಿಯ ಊರಿನಲ್ಲೂ ಕಸಾಯಿಖಾನೆಯಿಂದ ಹಂದಿಯ ಮೆದುಳು ತರೋಕೆ ಡ್ರೈ ಐಸ್ ಹಿಡಿದು ಹೋಗ್ತಿದ್ದರು. ನಾನು ಗದಗಿನ ಏಪ್ರಿಲ್‌ನಲ್ಲಿ ಸೋಡಾ ಐಸು ನಂಬಿದೆ. ಎರಡು ವರ್ಷ ಕೂತು ನೋವನ್ನಲ್ಲ, ಗದಗ-ಹುಬ್ಬಳ್ಳಿ ರಸ್ತೆಯ ಉದ್ದ ಅಳೆದಂಗಾಯ್ತು.

ಹಾಗಾದ್ರೆ ಐಸು ಸರಿಯಾಗಿ ಒಯ್ದರೆ ಸಾಕಾ? ಇಲ್ಲ. ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ರಕ್ತದ ಬೀಟಾ-ಎಂಡಾರ್ಫಿನ್ ಹೆಚ್ಚಾಗಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತದೆ, ಒತ್ತಡದ ಹಾರ್ಮೋನ್ ಎಸಿಟಿಎಚ್ ಜೊತೆಗೇ, ಒಂದೇ ತಾಯಿ ಪ್ರೋಟೀನಿನಿಂದ. ರಕ್ತದಿಂದ ಮೆದುಳಿಗೆ ಅದು ಸುಲಭವಾಗಿ ದಾಟಲ್ಲ. ನೋವು ತಗ್ಗಿಸುವ ಕೆಲಸ ನಡೆಯೋದು ಮೆದುಳು, ಬೆನ್ನುಹುರಿಯೊಳಗೆ. ರಕ್ತದ ಅಂಕಿ ನೋಡಿ ಅಲ್ಲಿನದನ್ನ ಹೇಳೋದು ಹೇಗೆ? ಬೆಟಗೇರಿಯ ಒಬ್ಬ ಅಜ್ಜ ಸಿರಿಂಜ್ ನೋಡಿದವರೇ, "ಇದನ್ನ ನೋಡಿ ಬ್ಯಾನಿನ ಮರತಹೋತ ನೋಡ್ರಿ" ಅಂದಿದ್ದರು. ಬ್ಯಾನಿ ಅಂದರೆ ನೋವು. ನಾನು ನಕ್ಕು ಸುಮ್ನಾದೆ. ಅವರ ಅಂಕಿಯಲ್ಲಿ ಬೆನ್ನಿನದೆಷ್ಟು, ಸೂಜಿ ಹೆದರಿಕೆಯದೆಷ್ಟು ಅಂತ ಹೇಳೋರ್ಯಾರು?

ಬುದ್ಧಿವಂತರು ಬೇರೆ ದಾರಿ ಹಿಡಿದರು. 1978ರಲ್ಲಿ ಲೆವೀನ್, ಗಾರ್ಡನ್, ಫೀಲ್ಡ್ಸ್ ಎಂಬ ಸಂಶೋಧಕರು ಹಲ್ಲು ಕೀಳಿಸಿಕೊಂಡವರ ಮೇಲೆ ಪ್ರಯೋಗ ಮಾಡಿದರು. ಹುಸಿ ಔಷಧಿಯಿಂದಲೇ ಕೆಲವರ ನೋವು ತಗ್ಗಿತ್ತು. ನಲೋಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ನಲೋಕ್ಸೋನ್ ಮಾರ್ಫಿನ್‌ಗೆ ಬಾಗಿಲು ಮುಚ್ಚುವ ಮದ್ದು. ಮೈಯೊಳಗಿನ ಮಾರ್ಫಿನ್ ಕೆಲಸ ಮಾಡ್ತಿತ್ತು ಅಂತ ಅವರು ತೋರಿಸಿದ್ದು ನೋವು ಎಷ್ಟಿದೆ ಅಂತ ರೋಗಿಗಳನ್ನೇ ಕೇಳಿ.

ನೀವು ನಲೋಕ್ಸೋನ್ ತಂಟೆಗೆ ಹೋಗಬೇಡಿ, ಅದು ಡಾಕ್ಟರು ಮತ್ತು ಎಥಿಕ್ಸ್ ಕಮಿಟಿಯವರ ಕೆಲಸ. ಆದರೆ ಕೇಳೋದನ್ನ ಕಲೀರಿ. 0ರಿಂದ 10ರವರೆಗೆ ನೋವೆಷ್ಟು, ಚೀಲ ಹೊರುವ ಮೊದಲು ಎಷ್ಟು, ಆಮೇಲೆ ಎಷ್ಟು, ರಾತ್ರಿ ನಿದ್ದೆ ಬರುತ್ತಾ. ಎಷ್ಟು ಒತ್ತಿದರೆ ನೋವು ಶುರುವಾಗುತ್ತೆ ಅಂತ ನೋಡುವ ಆಲ್ಗೋಮೀಟರ್ ಸಿಕ್ಕರೆ ಇನ್ನೂ ಒಳ್ಳೇದು.

ಗೈಡ್ ಕಿಟ್ಟೇ ಬೇಕು ಅಂತ ಹಟ ಹಿಡಿದರೆ, ಹಮಾಲರನ್ನ ಮುಟ್ಟುವ ಮೊದಲು ಬ್ಯಾಡಗಿಯಲ್ಲೇ ನಿಮ್ಮ ರಕ್ತ ಎರಡು ಟ್ಯೂಬಿಗೆ ತೆಗೆಸಿ. ಒಂದನ್ನ ಅಲ್ಲೇ ತಿರುಗಿಸಿ ಡ್ರೈ ಐಸಿಗೆ ಹಾಕಿ. ಇನ್ನೊಂದನ್ನ ನೀವು ಯೋಚಿಸಿರುವ ರೀತಿಯಲ್ಲೇ ಬಸ್ ಹತ್ತಿಸಿ. ಎರಡನ್ನೂ ಒಂದೇ ದಿನ ಅಳೆದು ಗೈಡ್ ಟೇಬಲ್ ಮೇಲಿಡಿ.